ನೀರು ಬೀಸಿದ ಹಿಟ್ಟು

ಅರಮನೆಗೆ ಹೆಸರಾದ ಟ್ಯಾಮ್‌ವರ್ತ್‌ನ ನೆಲದಡಿಯಿಂದ 1971ರಲ್ಲಿ ಹೊರಬಂದದ್ದು ಒಂದು ಹಿಟ್ಟಿನ ಗಿರಣಿ. ಸಾವಿರದ ನೂರಕ್ಕೂ ಹೆಚ್ಚು ವರ್ಷ ಕೆಸರಿನಲ್ಲಿ ಹುದುಗಿದ್ದ ಅದರ ಮರದ ತುಂಡುಗಳು, ರಾಜರ ದಾಖಲೆಗಳಲ್ಲಿ ಕಾಣದ ಕಥೆಯೊಂದನ್ನು ಹೇಳುತ್ತವೆ.

ಇಂಗ್ಲೆಂಡಿನ ನಡುಭಾಗದಲ್ಲಿ, ಬರ್ಮಿಂಗ್‌ಹ್ಯಾಮ್ ನಗರದಿಂದ ಈಶಾನ್ಯಕ್ಕೆ ಸುಮಾರು 22 ಕಿಲೋಮೀಟರ್ ದೂರದಲ್ಲಿ ಟ್ಯಾಮ್‌ವರ್ತ್ ಎಂಬ ಊರಿದೆ. ಟೇಮ್ ಮತ್ತು ಆಂಕರ್ ಎಂಬ ಎರಡು ನದಿಗಳು ಕೂಡುವ ಸ್ಥಳವಿದು. ಇಂದು ಸಾಧಾರಣ ಪೇಟೆಯಂತೆ ಕಾಣುವ ಈ ಊರು ಎಂಟು ಮತ್ತು ಒಂಬತ್ತನೇ ಶತಮಾನಗಳಲ್ಲಿ ಮರ್ಸಿಯಾ ಎಂಬ ರಾಜ್ಯದ ದೊರೆಗಳ ಮುಖ್ಯ ನೆಲೆಯಾಗಿತ್ತು. ಆಗಿನ್ನೂ ಇಂಗ್ಲೆಂಡ್ ಒಂದೇ ದೇಶವಾಗಿರಲಿಲ್ಲ. ಹಲವು ಸಣ್ಣ ರಾಜ್ಯಗಳು ಒಂದರ ಮೇಲೊಂದು ಕತ್ತಿ ಮಸೆಯುತ್ತಿದ್ದ ಕಾಲವದು. ಆ ರಾಜ್ಯಗಳಲ್ಲಿ ಬಲಾಢ್ಯವಾಗಿದ್ದ ಮರ್ಸಿಯಾದ ರಾಜ ಆಫಾ ಕ್ರಿ.ಶ. 757ರಿಂದ 796ರವರೆಗೆ ಆಳಿದ. ಅವನೂ ಅವನ ನಂತರದವರೂ ಟ್ಯಾಮ್‌ವರ್ತ್‌ನ ಅರಮನೆಯಲ್ಲಿ ಕುಳಿತು ದಾನಪತ್ರಗಳನ್ನು ಬರೆಸಿಕೊಟ್ಟ ದಾಖಲೆಗಳು ಉಳಿದಿವೆ.

1971ರಲ್ಲಿ ಊರಿನ ಆಗ್ನೇಯ ಮೂಲೆಯಲ್ಲಿ, ಬೋಲ್‌ಬ್ರಿಜ್ ಬೀದಿಯ ಬಳಿ, ಪುರಾತತ್ವಜ್ಞರ ತಂಡವೊಂದು ನೆಲ ಅಗೆಯತೊಡಗಿತು. ತಂಡದ ಮುಖ್ಯಸ್ಥರು ಫಿಲಿಪ್ ರಾಟ್ಸ್. ಆಳಕ್ಕೆ ಇಳಿದಂತೆ ಮಣ್ಣು ಕಪ್ಪಾಯಿತು, ಒದ್ದೆಯಾಯಿತು. ಆ ಕಪ್ಪು ಕೆಸರಿನಲ್ಲಿ ಓಕ್ ಮರದ ದಪ್ಪ ತೊಲೆಗಳು, ಹಲಗೆಗಳು, ಒಡೆದ ಬೀಸುವ ಕಲ್ಲಿನ ಚೂರುಗಳು ಕಾಣಿಸಿಕೊಂಡವು. ಜೋಡಿಸಿ ನೋಡಿದಾಗ ತಿಳಿಯಿತು, ಅದೊಂದು ನೀರಿನಿಂದ ನಡೆಯುತ್ತಿದ್ದ ಹಿಟ್ಟಿನ ಗಿರಣಿ. 1978ರಲ್ಲಿ ಅದೇ ಜಾಗದಲ್ಲಿ ಮತ್ತೊಮ್ಮೆ ಉತ್ಖನನ ನಡೆಯಿತು. ಎಲ್ಲ ಪರೀಕ್ಷೆಗಳೂ ಮುಗಿದು ರಾಟ್ಸ್ ಮತ್ತು ರಾಬರ್ಟ್ ಮೀಸನ್ ಬರೆದ ಪೂರ್ಣ ವರದಿ ಅಚ್ಚಾದದ್ದು 1992ರಲ್ಲಿ. ಅಂದರೆ ಮೊದಲ ಗುದ್ದಲಿ ಬಿದ್ದು 21 ವರ್ಷಗಳ ಮೇಲೆ!

ರಾಟ್ಸ್ ಅವರ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರು ಪುರಾತತ್ವವನ್ನು ಕಾಲೇಜಿನಲ್ಲಿ ಓದಿ ಬಂದವರಲ್ಲ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದರು. ಬಳಿಕ ಛಾಯಾಗ್ರಾಹಕರಾಗಿ, ಶಾಲಾ ಮಾಸ್ತರರಾಗಿ ಕೆಲಸ ಮಾಡಿದರು. ನೆಲ ಅಗೆಯುವ ಹುಚ್ಚು ಹತ್ತಿ, ಅಗೆಯುತ್ತಲೇ ವಿದ್ಯೆ ಕಲಿತರು. 1978ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪುರಾತತ್ವ ಪ್ರಾಧ್ಯಾಪಕರಾದರು.

ಕೆಸರೇ ಕಾವಲುಗಾರ

ಕಲ್ಲಿನ ಕೋಟೆ ಸಾವಿರ ವರ್ಷ ನಿಂತರೆ ಅಚ್ಚರಿಯಿಲ್ಲ. ಮರದ ಗಿರಣಿ ಹೇಗೆ ಉಳಿಯಿತು? ಮರವನ್ನು ಕೊಳೆಸುವುದು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ. ಇವುಗಳ ಕೆಲಸ ಭರದಿಂದ ಸಾಗಬೇಕಾದರೆ ಗಾಳಿಯಲ್ಲಿನ ಆಮ್ಲಜನಕ ಬೇಕು. ಸದಾ ನೀರು ತುಂಬಿದ ಮಣ್ಣಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ನದಿಯ ದಡದ ಕೆಸರು ಮರಕ್ಕೆ ಒಳ್ಳೆಯ ಕಾವಲುಗಾರ. ಒಣ ನೆಲದಲ್ಲಿ ಕೆಲವು ದಶಕಗಳಲ್ಲಿ ಮಣ್ಣಾಗುವ ತೊಲೆ, ಇಂಥ ಕಡೆ ಸಾವಿರ ವರ್ಷ ಕಳೆದರೂ ಕೊಡಲಿಯ ಏಟಿನ ಗುರುತನ್ನು ಸಹ ಉಳಿಸಿಕೊಂಡಿರಬಲ್ಲದು.

ಆದರೆ ಹೊರಗೆ ತೆಗೆದ ಕ್ಷಣದಿಂದ ಅಪಾಯ ಶುರುವಾಗುತ್ತದೆ. ಇಂಥ ಮರದ ಒಳಗಿನ ಜೀವಕೋಶಗಳಲ್ಲಿ ನೀರೇ ತುಂಬಿರುತ್ತದೆ. ಬಿಸಿಲಿಗೆ ಇಟ್ಟರೆ ನೀರು ಆರಿ, ಮರ ಕುಗ್ಗಿ, ಸೀಳಿ, ಪುಡಿಯಾಗುತ್ತದೆ. ಅದಕ್ಕೇ ಅಗೆದು ತೆಗೆದ ಹಸಿ ಮರವನ್ನು ಮೊದಲು ನೀರಿನಲ್ಲೇ ಇಡುತ್ತಾರೆ. ನಂತರ ಮೇಣದಂಥ ರಾಸಾಯನಿಕವೊಂದನ್ನು ನಿಧಾನವಾಗಿ ಅದರೊಳಕ್ಕೆ ಇಳಿಸಿ ನೀರನ್ನು ಹೊರಹಾಕುವ ವಿಧಾನ ಬಳಕೆಯಲ್ಲಿದೆ. ಪುರಾತತ್ವವೆಂದರೆ ಗುದ್ದಲಿ ಹಿಡಿಯುವುದಷ್ಟೇ ಅಲ್ಲ, ತಾಳ್ಮೆಯ ಪ್ರಯೋಗಶಾಲೆಯೂ ಹೌದು.

ಟ್ಯಾಮ್‌ವರ್ತ್‌ನಲ್ಲಿ ಒಂದರ ನಂತರ ಒಂದರಂತೆ ಎರಡು ಗಿರಣಿಗಳು ಇದ್ದವು. ಮೊದಲನೆಯದರ ಜಾಗದಲ್ಲೇ ಎರಡನೆಯದನ್ನು ಕಟ್ಟಿದ್ದರು. ಆಂಕರ್ ನದಿಯಿಂದ ಕಾಲುವೆ ತೋಡಿ ನೀರನ್ನು ತಂದು ಗಿರಣಿಯ ಹಿಂದೆ ಕಟ್ಟೆಯಲ್ಲಿ ನಿಲ್ಲಿಸುತ್ತಿದ್ದರು. ಎರಡನೆಯ ಗಿರಣಿ ಬೆಂಕಿಗೆ ಆಹುತಿಯಾಯಿತು. ಮೇಲಿನ ಭಾಗ ಸುಟ್ಟು ಕುಸಿದರೂ, ನೆಲಮಟ್ಟದಿಂದ ಕೆಳಗೆ ನೀರಿನಲ್ಲಿದ್ದ ಚಕ್ರದ ಕೋಣೆಯ ಮರ ಉಳಿದುಕೊಂಡಿತು. ಒಂದು ಕಡೆ ಬೆಂಕಿ ಕೆಡಿಸಿತು, ಇನ್ನೊಂದು ಕಡೆ ನೀರು ಕಾಯ್ದಿತು.

ಬೀಸುವ ಕೈಗಳು

ಈ ಗಿರಣಿಯ ಮಹತ್ವ ತಿಳಿಯಬೇಕಾದರೆ ಅದು ಬರುವ ಮುಂಚೆ ಹಿಟ್ಟು ಹೇಗೆ ಆಗುತ್ತಿತ್ತು ಎಂದು ನೋಡಬೇಕು. ನಮ್ಮ ಹಳೆಯ ಮನೆಗಳಲ್ಲಿ ಈಗಲೂ ಮೂಲೆ ಸೇರಿರುವ ಬೀಸುವ ಕಲ್ಲನ್ನು ಮಕ್ಕಳು ನೋಡಿರಬಹುದು. ಕೆಳಗಲ್ಲು ಕದಲದೆ ಕೂತಿರುತ್ತದೆ. ಮೇಲುಗಲ್ಲನ್ನು ಗೂಟ ಹಿಡಿದು ತಿರುಗಿಸುತ್ತಾರೆ. ನಡುವಿನ ತೂತಿನಲ್ಲಿ ಹಿಡಿ ಹಿಡಿಯಾಗಿ ಕಾಳು ಹಾಕಿದರೆ ಅಂಚಿನಿಂದ ಹಿಟ್ಟು ಉದುರುತ್ತದೆ. ಇಂಗ್ಲೆಂಡಿನ ಹಳ್ಳಿಗಳಲ್ಲೂ ಇದೇ ತರಹದ ಕಲ್ಲು, ಇದೇ ತರಹದ ದುಡಿಮೆ. ಬೆಳಗಿನ ಜಾವ ಎದ್ದು ರಾಗಿ ಬೀಸಿದ ಅಜ್ಜಿಯರನ್ನು ಕೇಳಿದರೆ ಆ ಕೆಲಸಕ್ಕೆ ರಟ್ಟೆ ಹೇಗೆ ಸೋಲುತ್ತದೆ ಎಂದು ಹೇಳಿಯಾರು.

ಅಲ್ಲಿಯೂ ಬೀಸುವ ಕೆಲಸ ಹೆಚ್ಚಾಗಿ ಹೆಂಗಸರದೇ ಆಗಿತ್ತು. ದೊಡ್ಡವರ ಮನೆಗಳಲ್ಲಿ ಅದು ದಾಸಿಯರ ಪಾಲಿಗೆ ಬೀಳುತ್ತಿತ್ತು. ಇದಕ್ಕೆ ಲಿಖಿತ ಸಾಕ್ಷಿಯೇ ಇದೆ. ಆರನೇ ಶತಮಾನದ ಕೊನೆ ಮತ್ತು ಏಳನೇ ಶತಮಾನದ ಆರಂಭದಲ್ಲಿ ಕೆಂಟ್ ರಾಜ್ಯವನ್ನು ಆಳಿದ ಏಥೆಲ್‌ಬರ್ಟ್ ಎಂಬ ದೊರೆಯ ಕಾನೂನುಗಳು ಇಂಗ್ಲಿಷ್ ಭಾಷೆಯ ಮೊಟ್ಟಮೊದಲ ಲಿಖಿತ ಕಾನೂನುಗಳೆಂದು ಪ್ರಸಿದ್ಧ. ಅದರಲ್ಲಿ ರಾಜನ ಮನೆಯ ಹೆಣ್ಣಾಳುಗಳ ಮಾನಕ್ಕೆ ಕುಂದು ತಂದವರು ತೆರಬೇಕಾದ ದಂಡದ ಪಟ್ಟಿಯಿದೆ. ಮೇಲಿನ ದರ್ಜೆಯವಳಾದರೆ 50 ಶಿಲಿಂಗ್. ಬೀಸುವ ದಾಸಿಯಾದರೆ 25 ಶಿಲಿಂಗ್. ಅದಕ್ಕೂ ಕೆಳಗಿನವಳಾದರೆ 12 ಶಿಲಿಂಗ್. ದಂಡ ಸಲ್ಲುತ್ತಿದ್ದುದು ರಾಜನಿಗೆ. ಬೀಸುವುದೇ ಒಬ್ಬಳ ಗುರುತಾಗಿ, ಆ ಗುರುತಿನ ಮೇಲೆ ಅವಳ ಮಾನಕ್ಕೊಂದು ಬೆಲೆ ಕಟ್ಟಲಾಗಿತ್ತು ಎಂಬುದನ್ನು ಈ ಪಟ್ಟಿ ತೋರಿಸುತ್ತದೆ.

ಅರಮನೆಯೆಂದರೆ ರಾಜ ರಾಣಿ ಇಬ್ಬರೇ ಅಲ್ಲವಷ್ಟೆ. ಸೈನಿಕರು, ಸೇವಕರು, ಪಾದ್ರಿಗಳು, ಬಂದು ಹೋಗುವ ಅತಿಥಿಗಳು ಎಲ್ಲರಿಗೂ ರೊಟ್ಟಿ ಬೇಕು. ಸುತ್ತಣ ಹಳ್ಳಿಗಳು ರಾಜನಿಗೆ ತೆರಿಗೆಯನ್ನು ದವಸದ ರೂಪದಲ್ಲೇ ತರುತ್ತಿದ್ದವು. ಟ್ಯಾಮ್‌ವರ್ತ್‌ನ ಗಿರಣಿ ಈ ಅರಮನೆಯ ಅಡುಗೆಮನೆಗಾಗಿಯೇ ತಿರುಗುತ್ತಿದ್ದಿರಬೇಕು ಎಂದು ಉತ್ಖನನಕಾರರು ಊಹಿಸಿದ್ದಾರೆ.

ಮಲಗಿದ ಚಕ್ರದ ಜಾಣತನ

ನೀರಿನ ಗಿರಣಿ ಎಂದರೆ ಚಿತ್ರಗಳಲ್ಲಿ ಕಾಣುವುದು ಮನೆಯ ಪಕ್ಕದಲ್ಲಿ ಬಂಡಿಯ ಗಾಲಿಯಂತೆ ನಿಂತು ತಿರುಗುವ ದೊಡ್ಡ ಚಕ್ರ. ಟ್ಯಾಮ್‌ವರ್ತ್‌ನದು ಹಾಗಿರಲಿಲ್ಲ. ಅಲ್ಲಿನ ಚಕ್ರ ಬುಗುರಿಯಂತೆ ಅಡ್ಡಲಾಗಿ ಮಲಗಿ ಸುತ್ತುತ್ತಿತ್ತು. ಅದರ ನಡುವೆ ನೆಟ್ಟಗೆ ನಿಂತ ಒಂದು ಕಂಬ. ಕಂಬದ ಸುತ್ತ ಮರದ ಅಲಗುಗಳು.

ಕಟ್ಟೆಯಲ್ಲಿ ನಿಂತ ನೀರನ್ನು ಇಳಿಜಾರಾದ ಮರದ ದೋಣಿಯ ಮೂಲಕ ಕೆಳಕ್ಕೆ ಬಿಡುತ್ತಿದ್ದರು. ಮಲೆನಾಡಿನ ತೋಟಗಳಲ್ಲಿ ಅಡಿಕೆ ದಂಬೆಯಲ್ಲಿ ನೀರು ಹಾಯಿಸುವುದನ್ನು ಕಂಡವರಿಗೆ ಇದರ ಕಲ್ಪನೆ ಸುಲಭ. ರಭಸದಿಂದ ಚಿಮ್ಮಿದ ನೀರು ಅಲಗುಗಳಿಗೆ ಬಡಿದು ಚಕ್ರವನ್ನು ತಿರುಗಿಸುತ್ತಿತ್ತು. ನಿಂತ ಕಂಬ ಮೇಲಿನ ಕೋಣೆಯ ನೆಲವನ್ನು ದಾಟಿ, ಕೆಳಗಲ್ಲಿನ ತೂತಿನಲ್ಲಿ ಹಾದು, ಮೇಲುಗಲ್ಲನ್ನು ಹಿಡಿದಿರುತ್ತಿತ್ತು. ಕೆಳಗೆ ಚಕ್ರ ಒಂದು ಸುತ್ತು ತಿರುಗಿದರೆ ಮೇಲೆ ಕಲ್ಲೂ ಒಂದು ಸುತ್ತು. ನಡುವೆ ಹಲ್ಲಿನ ಗಾಲಿಗಳ ಗೊಡವೆಯೇ ಇಲ್ಲ. ಗೂಟ ಹಿಡಿದ ಕೈಯ ಜಾಗಕ್ಕೆ ನೀರು ಬಂದಿತು, ಅಷ್ಟೇ.

ಇಷ್ಟು ಸರಳವೆಂದು ಇದನ್ನು ಒಡ್ಡೊಡ್ಡು ಕೆಲಸ ಎನ್ನುವಂತಿಲ್ಲ. ಬೀಸುವ ಕಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಹಿಟ್ಟಿನ ಹದ ಕೆಡುತ್ತದೆ. ಸಂದು ಹೆಚ್ಚಾದರೆ ನುಚ್ಚು ಬೀಳುತ್ತದೆ; ಕಡಿಮೆಯಾದರೆ ಕಲ್ಲಿಗೆ ಕಲ್ಲು ತಾಗಿ ಹಿಟ್ಟಿನಲ್ಲಿ ಹರಳು ಸೇರುತ್ತದೆ. ಇದಕ್ಕೊಂದು ಉಪಾಯ ಇತ್ತು. ಕಂಬದ ಬುಡ ನೇರವಾಗಿ ನೆಲದ ಮೇಲೆ ನಿಲ್ಲದೆ ಒಂದು ಅಡ್ಡ ತೊಲೆಯ ಮೇಲೆ ನಿಂತಿರುತ್ತಿತ್ತು. ಆ ತೊಲೆಯ ಒಂದು ತುದಿಯನ್ನು ಮೇಲಿನ ಕೋಣೆಯಿಂದಲೇ ತುಸು ಎತ್ತಬಹುದಿತ್ತು, ಇಳಿಸಬಹುದಿತ್ತು. ತೊಲೆ ಎತ್ತಿದರೆ ಕಂಬ ಏರಿ, ಕಂಬದೊಡನೆ ಮೇಲುಗಲ್ಲೂ ಏರುತ್ತಿತ್ತು. ಟ್ಯಾಮ್‌ವರ್ತ್‌ನ ಕೆಸರಿನಲ್ಲಿ ಇಂಥ ಅಡ್ಡ ತೊಲೆ ಸಿಕ್ಕಿದೆ. ಚಕ್ರದ ಅಲಗುಗಳೂ ಸಿಕ್ಕಿವೆ.

ಇದೇ ಬಗೆಯ ಗಿರಣಿಗಳು ನಮ್ಮ ದೇಶಕ್ಕೂ ಹೊಸತಲ್ಲ. ಹಿಮಾಚಲ ಮತ್ತು ಉತ್ತರಾಖಂಡದ ಬೆಟ್ಟಗಳಲ್ಲಿ ತೊರೆಯ ನೀರಿನಿಂದ ಓಡುವ ‘ಘರಾಟ್’ಗಳಲ್ಲೂ ಚಕ್ರ ಮಲಗಿಯೇ ಸುತ್ತುತ್ತದೆ. ಟ್ಯಾಮ್‌ವರ್ತ್‌ನ ಗಿರಣಿ ಹೇಗಿತ್ತೆಂದು ಕಣ್ಣಾರೆ ಕಾಣಲು ಬಯಸುವವರು ಇಂಗ್ಲೆಂಡಿಗೇ ಹೋಗಬೇಕಿಲ್ಲ, ಹಿಮಾಲಯದ ತಪ್ಪಲಿಗೆ ಹೋದರೂ ಸಾಕು.

ಉಕ್ಕಿನ ತುಂಡು, ಹೊರನಾಡಿನ ಕಲ್ಲು

ಅಡ್ಡ ತೊಲೆಯಲ್ಲಿ ಪುರಾತತ್ವಜ್ಞರನ್ನು ಬೆರಗುಗೊಳಿಸಿದ್ದು ಅದರೊಳಗೆ ಕೂರಿಸಿದ್ದ ಒಂದು ಸಣ್ಣ ಲೋಹದ ತುಂಡು. ಕಲ್ಲು, ಕಂಬ, ಚಕ್ರ ಇಷ್ಟರ ಭಾರವೂ ಕೊನೆಗೆ ಇಳಿಯುತ್ತಿದ್ದುದು ಕಂಬದ ಚೂಪಾದ ಬುಡದ ಮೇಲೆ. ಅದು ಬರೀ ಮರದ ಮೇಲೆ ತಿರುಗಿದರೆ ಬೇಗನೆ ಮರ ಕೊರೆದುಹೋಗುತ್ತದೆ. ಅದಕ್ಕಾಗಿ ಕೂರಿಸಿದ್ದ ತುಂಡನ್ನು ಪರೀಕ್ಷಿಸಿದಾಗ ಅದು ಸಾಮಾನ್ಯ ಕಬ್ಬಿಣವಾಗಿರದೆ ಉತ್ತಮ ದರ್ಜೆಯ ಗಟ್ಟಿ ಉಕ್ಕೆಂದು ಗೊತ್ತಾಯಿತು. ತಿರುಗಿ ತಿರುಗಿ ಸವೆದ ಗುರುತು ಅದರ ಮೇಲಿತ್ತು. ಕತ್ತಿಯ ಬಾಯಿಗೆ ಹಾಕುವಂಥ ದುಬಾರಿ ಲೋಹವನ್ನು ಹಿಟ್ಟಿನ ಗಿರಣಿಗೆ ಹಾಕಿದ್ದರು! ಇಂದು ನಾವು ಬೇರಿಂಗ್ ಎಂದು ಕರೆಯುವ ವಸ್ತುವಿನ ಅಗತ್ಯವನ್ನೂ ಅದಕ್ಕೆ ತಕ್ಕ ಲೋಹವನ್ನೂ ಒಂಬತ್ತನೇ ಶತಮಾನದ ಆ ಕಮ್ಮಾರ ಚೆನ್ನಾಗಿ ಬಲ್ಲವನಾಗಿದ್ದ.

ಬೀಸುವ ಕಲ್ಲಿನ ಚೂರುಗಳದ್ದು ಇನ್ನೊಂದು ಕಥೆ. ಕೆಲವು ಇಂಗ್ಲೆಂಡಿನದೇ ಕಲ್ಲುಗಳು. ಮತ್ತೆ ಕೆಲವು ಕಪ್ಪಾದ, ಸಣ್ಣ ಸಣ್ಣ ರಂಧ್ರಗಳಿರುವ ಲಾವಾ ಶಿಲೆ. ಇಂಥ ಶಿಲೆ ಬರುವುದು ಜರ್ಮನಿಯ ಐಫೆಲ್ ಪ್ರದೇಶದ ಹಳೆಯ ಜ್ವಾಲಾಮುಖಿಗಳ ಗಣಿಗಳಿಂದ. ಅದಕ್ಕೊಂದು ವಿಶೇಷ ಗುಣವಿದೆ. ಸಾಮಾನ್ಯ ಕಲ್ಲು ಬೀಸಿ ಬೀಸಿ ನುಣುಪಾಗುತ್ತದೆ, ಆಗ ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಬೇಕಾಗುತ್ತದೆ. ಲಾವಾ ಶಿಲೆ ಸವೆದಂತೆಲ್ಲ ಒಳಗಿನ ಹೊಸ ರಂಧ್ರಗಳ ಅಂಚು ತೆರೆದುಕೊಂಡು ತಾನೇ ಹರಿತವಾಗುತ್ತಿರುತ್ತದೆ. ಇದಕ್ಕಾಗಿ ಅದನ್ನು ರೈನ್ ನದಿಯಲ್ಲಿ ದೋಣಿಗೆ ಹೇರಿ, ಸಮುದ್ರ ದಾಟಿಸಿ ತರುತ್ತಿದ್ದರು. ಸಮುದ್ರದಿಂದ ಬಹು ದೂರ, ದ್ವೀಪದ ನಡುಮಧ್ಯೆ ಇರುವ ಟ್ಯಾಮ್‌ವರ್ತ್‌ವರೆಗೆ ಅಷ್ಟು ಭಾರದ ಕಲ್ಲನ್ನು ತರಿಸಿಕೊಳ್ಳುವ ಶಕ್ತಿ ಸಾಮಾನ್ಯ ರೈತನಿಗೆ ಇದ್ದಿರಲಾರದು. ಉಕ್ಕು ಮತ್ತು ಕಲ್ಲು ಎರಡೂ ಸೇರಿ ಇದು ಸಿರಿವಂತರ ಗಿರಣಿ ಎಂದು ಹೇಳುತ್ತಿವೆ.

ಮರದ ಉಂಗುರ ಹೇಳಿದ ವರ್ಷ

ಇಷ್ಟಾದರೂ ಗಿರಣಿ ಯಾರ ಕಾಲದ್ದು? ಟ್ಯಾಮ್‌ವರ್ತ್ ಎಂದೊಡನೆ ಎಲ್ಲರ ನೆನಪಿಗೂ ಬರುವ ಹೆಸರು ಆಫಾ. ಮೊದಮೊದಲು ಗಿರಣಿಯನ್ನೂ ಎಂಟನೇ ಶತಮಾನದ್ದೆಂದೇ ಎಣಿಸಲಾಗಿತ್ತು. ಆ ಲೆಕ್ಕವನ್ನು ತಿದ್ದಿದ್ದು ಮರವೇ.

ಮರ ಪ್ರತಿ ವರ್ಷ ತನ್ನ ಸುತ್ತ ಒಂದೊಂದು ಉಂಗುರ ಬೆಳೆಸಿಕೊಳ್ಳುತ್ತದೆ. ಮಳೆ ಬಿಸಿಲು ಹದವಾಗಿದ್ದ ವರ್ಷ ಉಂಗುರ ಅಗಲ. ಬರ ಬಿದ್ದ ವರ್ಷ ಕಿರಿದು. ಒಂದೇ ಪ್ರದೇಶದ ಓಕ್ ಮರಗಳಲ್ಲಿ ಈ ಅಗಲ ಕಿರಿದುಗಳ ಸರಣಿ ಒಂದಕ್ಕೊಂದು ಹೋಲುತ್ತದೆ. ಇಂದಿನ ಮರದಿಂದ ಶುರುಮಾಡಿ, ಹಳೆಯ ಮನೆಗಳ ತೊಲೆ, ಇನ್ನೂ ಹಳೆಯ ಇಗರ್ಜಿಗಳ ತೊಲೆ, ಹೀಗೆ ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಹೊಂದಿಸುತ್ತ ವಿಜ್ಞಾನಿಗಳು ನೂರಾರು, ಸಾವಿರಾರು ವರ್ಷಗಳ ಉದ್ದನೆಯ ಸರಣಿಯನ್ನು ಕಟ್ಟಿದ್ದಾರೆ. ಅಗೆದು ತೆಗೆದ ತೊಲೆಯ ಉಂಗುರಗಳು ಈ ಸರಣಿಯಲ್ಲಿ ಎಲ್ಲಿ ಹೊಂದುತ್ತವೆಂದು ಕಂಡುಹಿಡಿದರೆ, ಆ ಮರ ಬೆಳೆದ ವರ್ಷಗಳು ಪಂಚಾಂಗ ನೋಡಿ ಹೇಳಿದಂತೆ ಸಿಗುತ್ತವೆ.

ಟ್ಯಾಮ್‌ವರ್ತ್‌ನ ಎರಡನೆಯ ಗಿರಣಿಯ ಮರಕ್ಕೆ ಸಿಕ್ಕ ಉತ್ತರ: ಕ್ರಿ.ಶ. 855, ಒಂಬತ್ತು ವರ್ಷ ಹೆಚ್ಚು ಇಲ್ಲವೇ ಕಡಿಮೆ. ಈ ಒಂಬತ್ತು ವರ್ಷಗಳ ಅಂತರ ಯಾಕೆಂಬ ಪ್ರಶ್ನೆ ಏಳುತ್ತದೆ. ಬಡಗಿ ತೊಲೆ ಕೆತ್ತುವಾಗ ತೊಗಟೆಯನ್ನೂ ಅದರ ಒಳಗಿನ ಎಳೆಯ ಮರವನ್ನೂ ಕೆತ್ತಿ ಎಸೆಯುತ್ತಾನೆ. ಹೀಗೆ ಕಳೆದುಹೋದ ಕೊನೆಯ ಉಂಗುರಗಳೆಷ್ಟು ಎಂಬುದನ್ನು ಅಂದಾಜಿನಿಂದ ಸೇರಿಸಬೇಕು. ಆ ಅಂದಾಜಿನ ಅಂಚೇ ಈ ಒಂಬತ್ತು ವರ್ಷ. ಅಂದರೆ ಮರ ಕಡಿದದ್ದು 846 ಮತ್ತು 864ರ ನಡುವೆ. ಆಫಾ ತೀರಿಕೊಂಡು ಆಗಲೇ ಅರ್ಧ ಶತಮಾನ ಕಳೆದಿತ್ತು! ದೊಡ್ಡ ರಾಜನ ಹೆಸರನ್ನು ಗಿರಣಿಗೆ ಅಂಟಿಸುವ ಆಸೆಯನ್ನು ಓಕ್ ಮರ ಒಪ್ಪಲಿಲ್ಲ.

ಈ ದಿನಾಂಕದಿಂದ ಇನ್ನೊಂದು ಹಳೆಯ ನಂಬಿಕೆಯೂ ಅಲುಗಿತು. ಮಲಗಿದ ಚಕ್ರದ ಗಿರಣಿಗೆ ‘ನಾರ್ಸ್ ಗಿರಣಿ’ ಎನ್ನುವ ರೂಢಿಯಿತ್ತು. ಅದನ್ನು ಉತ್ತರದ ವೈಕಿಂಗರು ತಂದರೆಂಬ ಭಾವನೆ ಆ ಹೆಸರಿನ ಹಿಂದಿತ್ತು. ಆದರೆ ವೈಕಿಂಗರ ಮಹಾಸೇನೆ ಇಂಗ್ಲೆಂಡಿಗೆ ಬಂದಿಳಿದದ್ದು 865ರಲ್ಲಿ. ಟ್ಯಾಮ್‌ವರ್ತ್‌ನ ಗಿರಣಿಗೆ ಮರ ಕಡಿದದ್ದು ಅದಕ್ಕಿಂತ ಮೊದಲು. ಮುಂದೆ 2002ರಲ್ಲಿ ಕೆಂಟ್ ಪ್ರಾಂತ್ಯದ ನಾರ್ತ್‌ಫ್ಲೀಟ್ ಬಳಿ ಚಾನೆಲ್ ಸುರಂಗದ ರೈಲುಮಾರ್ಗಕ್ಕಾಗಿ ನೆಲ ಅಗೆದಾಗ ಇನ್ನೊಂದು ಮಲಗಿದ ಚಕ್ರದ ಗಿರಣಿ ಸಿಕ್ಕಿತು. ಸಮುದ್ರದ ಉಬ್ಬರವಿಳಿತದ ನೀರಿನಿಂದ ನಡೆಯುತ್ತಿದ್ದ ಆ ಗಿರಣಿಯ ಮರ ಕ್ರಿ.ಶ. 692ರ ಸುಮಾರಿನದು. ಐರ್ಲೆಂಡಿನಲ್ಲಿ ಇನ್ನೂ ಹಳೆಯವು ದೊರೆತಿವೆ. ಗಿರಣಿ ವೈಕಿಂಗರಿಗಿಂತ ಹಿರಿದು ಎಂಬುದು ಹೀಗೆ ಗಟ್ಟಿಯಾಯಿತು.

ಊರಿಗೊಂದು ಗಿರಣಿ

ಬ್ರಿಟನ್ನಿಗೆ ನೀರಿನ ಗಿರಣಿಯನ್ನು ಮೊದಲು ತಂದವರು ರೋಮನ್ನರು. ಉತ್ತರದ ಹೇಡ್ರಿಯನ್ ಗೋಡೆಯ ಬಳಿ ಅವರ ಸೈನಿಕರಿಗಾಗಿ ಓಡುತ್ತಿದ್ದ ಗಿರಣಿಗಳ ಕುರುಹು ಸಿಕ್ಕಿದೆ. ಐದನೇ ಶತಮಾನದ ಆರಂಭದಲ್ಲಿ ರೋಮನ್ ಆಡಳಿತ ಕೊನೆಗೊಂಡ ಮೇಲೆ ಗಿರಣಿಯ ಜಾಡು ಬಹುಕಾಲ ಮಸಕಾಗುತ್ತದೆ. 762ರ ಕೆಂಟ್‌ನ ದಾನಪತ್ರವೊಂದರಲ್ಲಿ ಚಾರ್ಟ್ ಎಂಬಲ್ಲಿನ ಗಿರಣಿಯ ಅರ್ಧ ಬಳಕೆಯ ಹಕ್ಕಿನ ಪ್ರಸ್ತಾಪ ಬರುತ್ತದೆ. ಓಲ್ಡ್ ವಿಂಡ್ಸರ್ ಎಂಬಲ್ಲಿ 1950ರ ದಶಕದ ಉತ್ಖನನದಲ್ಲಿ ಮೂರು ನಿಂತ ಚಕ್ರಗಳ ದೊಡ್ಡ ಗಿರಣಿಯೊಂದು ಕಂಡುಬಂತು. ಅಂದರೆ ಮಲಗಿದ ಚಕ್ರ, ನಿಂತ ಚಕ್ರ ಎರಡೂ ಅಕ್ಕಪಕ್ಕದಲ್ಲೇ ಬಾಳಿದ್ದವು.

ಕಾಲ ಸರಿದಂತೆ ಇಂಗ್ಲೆಂಡಿನಲ್ಲಿ ಗೆದ್ದದ್ದು ನಿಂತ ಚಕ್ರ. ಅದಕ್ಕೆ ಹಲ್ಲಿನ ಗಾಲಿಗಳು ಬೇಕು, ಖರ್ಚು ಹೆಚ್ಚು. ಆದರೆ ಆ ಗಾಲಿಗಳಿಂದಲೇ ಚಕ್ರದ ಒಂದು ಸುತ್ತಿಗೆ ಕಲ್ಲನ್ನು ಹಲವು ಸುತ್ತು ತಿರುಗಿಸಬಹುದು. ದೊಡ್ಡ ಕಲ್ಲನ್ನೂ ಎಳೆಯಬಹುದು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ 1086ರಲ್ಲಿ ತನ್ನ ರಾಜ್ಯದ ಆಸ್ತಿಪಾಸ್ತಿಯ ಲೆಕ್ಕ ಬರೆಸಿದ. ‘ಡೂಮ್ಸ್‌ಡೇ ಬುಕ್’ ಎಂದು ಪ್ರಸಿದ್ಧವಾದ ಆ ಕಡತದಲ್ಲಿ ಸುಮಾರು 6,000 ಗಿರಣಿಗಳ ಲೆಕ್ಕವಿದೆ. ಅಂದಾಜು 50 ಮನೆಗೆ ಒಂದು ಗಿರಣಿ. ತಮಾಷೆಯೆಂದರೆ, ಇಷ್ಟು ವಿವರ ಬರೆದ ಪುಸ್ತಕದಲ್ಲಿ ಟ್ಯಾಮ್‌ವರ್ತ್ ಊರಿನ ಪ್ರತ್ಯೇಕ ವಿವರಣೆಯೇ ಇಲ್ಲ. ಅಕ್ಕಪಕ್ಕದ ಊರುಗಳ ಲೆಕ್ಕದಲ್ಲಿ ಅದರ ಹೆಸರು ಬಂದುಹೋಗುತ್ತದೆ ಅಷ್ಟೆ. ಪುಸ್ತಕ ಬಿಟ್ಟದ್ದನ್ನು ನೆಲ ಹೇಳಿತು.

ನೀರು ಯಾರದು?

ಆರು ಸಾವಿರ ಗಿರಣಿಗಳು ಬಂದವು ಎಂದರೆ ಬೀಸುವ ಕೈಗಳಿಗೆಲ್ಲ ಬಿಡುವು ಸಿಕ್ಕಿತು ಎಂದುಕೊಳ್ಳಬಹುದು. ಬಿಡುವು ಸಿಕ್ಕಿದ್ದು ನಿಜ. ಆದರೆ ಅದಕ್ಕೊಂದು ಸುಂಕವೂ ಬಂತು. ಕಾಲುವೆ ತೋಡುವುದು, ಕಟ್ಟೆ ಕಟ್ಟುವುದು, ಕಲ್ಲು ತರಿಸುವುದು ಬಡ ರೈತನ ಕೈಲಾಗದ ಮಾತು. ಗಿರಣಿ ಕಟ್ಟಿದವರು ಜಮೀನ್ದಾರರು ಮತ್ತು ಮಠಗಳು. ಹಾಕಿದ ಹಣ ಹಿಂದಿರುಗಬೇಕಲ್ಲ? ತಮ್ಮ ಹಿಡುವಳಿಯ ರೈತರು ತಮ್ಮ ಗಿರಣಿಯಲ್ಲೇ ಬೀಸಿಸಬೇಕು, ಬೀಸಿದ್ದಕ್ಕೆ ದವಸದಲ್ಲಿ ಒಂದು ಪಾಲು ಒಪ್ಪಿಸಬೇಕು ಎಂಬ ಕಟ್ಟಳೆ ಬಂತು. ಆ ಪಾಲು ಊರಿನಿಂದ ಊರಿಗೆ ಬೇರೆಯಾಗಿತ್ತು. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಳ್ಳುವುದೇ ಹಲವು ಕಡೆ ತಪ್ಪಾಯಿತು.

ಹೀಗೆ ಗಿರಣಿಗಾರನೆಂದರೆ ಜನರಿಗೆ ಅನುಮಾನ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಕವಿ ಚಾಸರ್ ಬರೆದ ‘ಕ್ಯಾಂಟರ್ಬರಿ ಕಥೆಗಳು’ ಕೃತಿಯಲ್ಲಿ ಬರುವ ಗಿರಣಿಗಾರ ಗಿರಾಕಿಗಳ ಕಾಳು ಕದಿಯುವುದರಲ್ಲಿ ನಿಸ್ಸೀಮ.

ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಊರಿನಲ್ಲಿ ಈ ಜಗಳ ತಾರಕಕ್ಕೇರಿತು. ಅಲ್ಲಿನ ದೊಡ್ಡ ಮಠಕ್ಕೆ 1327ರಿಂದ 1336ರವರೆಗೆ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಎಂಬಾತ ಮಠಾಧಿಪತಿ. ಕಮ್ಮಾರನ ಮಗನಾಗಿ ಹುಟ್ಟಿದ ಈತ ಮಹಾ ಗಣಿತಜ್ಞ. ಗ್ರಹನಕ್ಷತ್ರಗಳ ಚಲನೆಯನ್ನು ತೋರಿಸುವ ಅದ್ಭುತ ಗಡಿಯಾರವೊಂದನ್ನು ರೂಪಿಸಿದ ಮೇಧಾವಿ. ಊರಿನವರು ಮಠದ ಗಿರಣಿಗೆ ಬಾರದೆ ಮನೆಯಲ್ಲೇ ಬೀಸಿಕೊಳ್ಳುವುದನ್ನು ಅವನು ಸಹಿಸಲಿಲ್ಲ. ಮನೆಮನೆಯ ಬೀಸುವ ಕಲ್ಲುಗಳನ್ನು ಕಿತ್ತು ತರಿಸಿದ. ಅಷ್ಟಕ್ಕೇ ಬಿಡದೆ, ಆ ಕಲ್ಲುಗಳನ್ನು ಮಠದ ಹಜಾರದ ನೆಲಕ್ಕೆ ಹಾಸುಗಲ್ಲಾಗಿ ಹಾಕಿಸಿದ! ಊರಿನವರು ಮಠಕ್ಕೆ ಬಂದಾಗಲೆಲ್ಲ ತಮ್ಮ ಮನೆಯ ಕಲ್ಲುಗಳು ಕಾಲಡಿ ಬಿದ್ದಿರುವುದನ್ನು ನೋಡಬೇಕಿತ್ತು.

ಐವತ್ತು ವರ್ಷ ಕಳೆಯಿತು. ಕಲ್ಲು ಕಳೆದುಕೊಂಡವರು ಬಹುಪಾಲು ಸತ್ತುಹೋಗಿದ್ದರು. ಮಕ್ಕಳು ಮೊಮ್ಮಕ್ಕಳು ಮರೆತಿರಲಿಲ್ಲ. 1381ರ ಬೇಸಿಗೆಯಲ್ಲಿ ತಲೆಗಂದಾಯದ ವಿರುದ್ಧ ಇಂಗ್ಲೆಂಡಿನ ರೈತರು ದಂಗೆಯೆದ್ದಾಗ ಸೇಂಟ್ ಆಲ್ಬನ್ಸ್‌ನ ಜನ ವಿಲಿಯಂ ಗ್ರಿಂಡ್‌ಕಾಬ್ ಎಂಬವನ ಮುಂದಾಳುತನದಲ್ಲಿ ಮಠಕ್ಕೆ ನುಗ್ಗಿದರು. ಹಜಾರದ ನೆಲವನ್ನು ಅಗೆದು ಬೀಸುವ ಕಲ್ಲುಗಳನ್ನು ಹೊರತೆಗೆದರು. ಅವನ್ನು ಚೂರು ಚೂರು ಮಾಡಿ, ಇಗರ್ಜಿಯಲ್ಲಿ ರೊಟ್ಟಿಯ ಪ್ರಸಾದ ಹಂಚುವ ಹಾಗೆ, ಎಲ್ಲರೂ ಒಂದೊಂದು ಚೂರು ಹಂಚಿಕೊಂಡು ಮನೆಗೆ ಒಯ್ದರು. ಸ್ವಂತ ಕಲ್ಲಿನಲ್ಲಿ ಬೀಸಿಕೊಳ್ಳುವ ಹಕ್ಕನ್ನು ಮಠದಿಂದ ಬರೆಸಿಕೊಂಡರು. ಆದರೆ ದಂಗೆ ಕೆಲವೇ ವಾರಗಳಲ್ಲಿ ಅಡಗಿತು. ಬರೆಸಿಕೊಂಡ ಪತ್ರವನ್ನು ಮಠಕ್ಕೆ ಹಿಂದಿರುಗಿಸಬೇಕಾಯಿತು. ಜುಲೈ ತಿಂಗಳಿನಲ್ಲಿ ಗ್ರಿಂಡ್‌ಕಾಬ್ ಗಲ್ಲಿಗೇರಿದ.

ಬೀಸುವ ದಾಸಿಯ ರಟ್ಟೆಯ ಭಾರ ಇಳಿಸಿದ ಯಂತ್ರವೇ, ಆರು ಶತಮಾನಗಳ ನಂತರ ಊರಿನವರ ಮನೆಯ ಕಲ್ಲನ್ನೂ ಕಿತ್ತುಕೊಂಡಿತು. ತಪ್ಪು ಯಂತ್ರದ್ದಲ್ಲ, ನೀರದ್ದೂ ಅಲ್ಲ. ಚಕ್ರ ಒಂದೇ, ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದರ ಫಲ ನಿಂತಿತ್ತು.

ಚಿನ್ನಕ್ಕಿಂತ ಹಿಟ್ಟು ಹೇಳಿದ್ದು

ಮುಂದಿನ ಕಥೆ ಹೆಚ್ಚಿನವರಿಗೆ ಗೊತ್ತಿರುವುದೇ. ಹದಿನೆಂಟನೇ ಶತಮಾನದಲ್ಲಿ ಜಾನ್ ಸ್ಮೀಟನ್ ಎಂಬ ಎಂಜಿನಿಯರ್ ಸಣ್ಣ ಮಾದರಿಗಳನ್ನು ಮಾಡಿ ನೀರಿನ ಚಕ್ರಗಳನ್ನು ಅಳೆದ. ಕೆಳಗಿನಿಂದ ನೀರು ತಳ್ಳುವ ಚಕ್ರಕ್ಕಿಂತ ಮೇಲಿನಿಂದ ನೀರು ಬೀಳುವ ಚಕ್ರ ಅಷ್ಟೇ ನೀರಿನಲ್ಲಿ ಸುಮಾರು ಎರಡರಷ್ಟು ಕೆಲಸ ಮಾಡುತ್ತದೆಂದು 1759ರಲ್ಲಿ ತೋರಿಸಿದ. ಹಿಟ್ಟು ಬೀಸಿದ ಚಕ್ರವೇ ಹತ್ತಿ ನೂಲುವ ಕಾರ್ಖಾನೆಗಳನ್ನೂ ನಡೆಸಿತು. ಆಮೇಲೆ ಉಗಿಯಂತ್ರ, ಹತ್ತೊಂಬತ್ತನೇ ಶತಮಾನದ ಕೊನೆಗೆ ಉಕ್ಕಿನ ರೋಲರುಗಳ ಗಿರಣಿ ಬಂದು ಹಳ್ಳಿಯ ನೀರಿನ ಗಿರಣಿಗಳು ಒಂದೊಂದಾಗಿ ನಿಂತವು. ಉಳಿದ ಕೆಲವನ್ನು ಆಸಕ್ತರು ರಿಪೇರಿ ಮಾಡಿ ಕಾಪಾಡಿದ್ದಾರೆ. ವರ್ಷಕ್ಕೊಮ್ಮೆ ಮೇ ತಿಂಗಳಿನ ವಾರಾಂತ್ಯವೊಂದರಲ್ಲಿ ಬ್ರಿಟನ್ನಿನ ಹಳೆಯ ಗಿರಣಿಗಳು ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತವೆ.

ಟ್ಯಾಮ್‌ವರ್ತ್‌ನಿಂದ ಕೆಲವೇ ಮೈಲಿ ದೂರದ ಹ್ಯಾಮರ್‌ವಿಚ್ ಎಂಬಲ್ಲಿ 2009ರಲ್ಲಿ ಒಂದು ಹೊಲದಲ್ಲಿ ಅದೇ ಮರ್ಸಿಯಾ ನಾಡಿನ ನಿಧಿ ಸಿಕ್ಕಿತು. ಸುಮಾರು 4 ಕಿಲೋ ಚಿನ್ನ, ಜೊತೆಗೆ ಬೆಳ್ಳಿ, ಕೆಂಪು ಹರಳು. ಹೆಚ್ಚಿನವು ಕತ್ತಿಯ ಹಿಡಿಯಿಂದ ಕಿತ್ತ ಅಲಂಕಾರಗಳು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಕೊಂಡಾಡಿದವು. ಕೊಂಡಾಡಬೇಕಾದ ವಸ್ತುವೇ ಅದು. ಆದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಬಲ್ಲ ನಾವು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಚಿನ್ನದ ಹಿಡಿ ಆ ಕಾಲದ ಸೈನಿಕರು ಹೇಗೆ ಮೆರೆದರೆಂದು ಹೇಳುತ್ತದೆ. ಕೆಸರು ಮೆತ್ತಿದ ಓಕ್ ಹಲಗೆ, ಅವರೆಲ್ಲ ಏನು ತಿಂದು ಬದುಕಿದರು, ಅದಕ್ಕಾಗಿ ಯಾರು ದುಡಿದರು ಎಂದು ಹೇಳುತ್ತದೆ.

ಈ ಬಾರಿ ಅಜ್ಜಿಯ ಊರಿಗೆ ಹೋದ ಮಕ್ಕಳು ಹಿತ್ತಿಲಿನಲ್ಲಿ ಬಿದ್ದಿರುವ ಬೀಸುವ ಕಲ್ಲನ್ನು ಒಮ್ಮೆ ತೊಳೆದು ನೋಡಲಿ. ಅದರ ಒಳಮೈಯಲ್ಲಿ ಉಳಿಯ ಗುರುತು ಇನ್ನೂ ಇದೆಯೇ, ಗೂಟದ ಕುಳಿ ಎಷ್ಟು ಸವೆದಿದೆ, ಕಲ್ಲು ಎಲ್ಲಿಂದ ತಂದದ್ದು, ಅದನ್ನು ತಿರುಗಿಸಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಬೋಲ್‌ಬ್ರಿಜ್ ಬೀದಿಯ ಕೆಸರಿನಲ್ಲಿ ನಿಂತು ರಾಟ್ಸ್ ಮತ್ತು ಅವರ ಸಂಗಡಿಗರು ಕೇಳಿದ್ದೂ ಇಂಥವೇ ಪ್ರಶ್ನೆಗಳನ್ನು.